ಬಯಾಪ್ಸಿಯಲ್ಲಿ ಪಿ53 ‘ಸ್ಟ್ರಾಂಗ್ ಪಾಸಿಟಿವ್’ ಅಂದರೆ ಕೀಮೋ ನಾಟುವುದಿಲ್ಲ ಅಂತಲಾ?

ಕೆರೆಗೋಡಿನವನು

ಎಲ್ಲರಿಗೂ ನಮಸ್ಕಾರ. ಮಂಡ್ಯ ಹತ್ತಿರದ ಹಳ್ಳಿಯವನು ನಾನು. ವಿಷಯ ನಮ್ಮಮ್ಮನದು. ಅವರಿಗೆ ಅಂಡಾಶಯದ ಕ್ಯಾನ್ಸರ್, ಹೈ ಗ್ರೇಡ್ ಸೀರಸ್ ಕಾರ್ಸಿನೋಮಾ, ಮೂರನೇ ಸ್ಟೇಜ್. ಮೈಸೂರಿನಲ್ಲಿ ಆಪರೇಷನ್ ಆಯಿತು. ಆಮೇಲೆ ಕಾರ್ಬೋಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಎರಡೂ ಸೇರಿಸಿ ಕೊಟ್ಟರು. ಕಳೆದ ದಸರಾ ಹೊತ್ತಿಗೆ ಕೀಮೋ ಮುಗಿಯಿತು. ರಕ್ತದಲ್ಲಿ ಈ ಕ್ಯಾನ್ಸರಿನ ಸುಳಿವು ಕೊಡುವ ಸಿಎ-125 ಇಳಿದು 35ರ ಒಳಗೆ ಬಂತು, ಕೂದಲು ಬಂತು, ಅಮ್ಮ ಕೊಟ್ಟಿಗೆ ಕೆಲಸಕ್ಕೂ ಕೈ ಹಾಕಿದರು. ಈಗ ಶ್ರಾವಣದಲ್ಲಿ ಮತ್ತೆ ಏರಿದೆ. ಸ್ಕ್ಯಾನ್‌ನಲ್ಲಿ ಹೊಟ್ಟೆಯೊಳಗೆ ಸಣ್ಣ ಗಂಟುಗಳು ಕಾಣುತ್ತಿವೆ ಅಂತ ಬರೆದಿದ್ದಾರೆ.

ನನ್ನ ಗೊಂದಲ ಹಳೆಯ ಬಯಾಪ್ಸಿ ರಿಪೋರ್ಟ್ ಬಗ್ಗೆ. ಅದರಲ್ಲಿ ಹೀಗಿದೆ: ಪ್ಯಾಕ್ಸ್8 ಪಾಸಿಟಿವ್, ಡಬ್ಲ್ಯೂಟಿ1 ಪಾಸಿಟಿವ್, ಪಿ53 ಸ್ಟ್ರಾಂಗ್ ಡಿಫ್ಯೂಸ್ ನ್ಯೂಕ್ಲಿಯರ್ ಪಾಸಿಟಿವಿಟಿ, ಮ್ಯೂಟೆಂಟ್ ಪ್ಯಾಟರ್ನ್. ಫಾರ್ಮಸಿ ಓದುತ್ತಿರುವ ನಮ್ಮ ಮಾವನ ಮಗ, ಪಿ53 ಅಂದರೆ ಕ್ಯಾನ್ಸರ್ ತಡೆಯುವ ಪ್ರೋಟೀನ್, ಅದು ಜೋರಾಗಿದ್ದರೆ ಒಳ್ಳೆಯದೇ ಅಂದ. ಮೊನ್ನೆ ಎರಡನೇ ಅಭಿಪ್ರಾಯ ಕೇಳೋಣ ಅಂತ ಬೇರೆ ಕಡೆ ಹೋದರೆ ಅಲ್ಲಿದ್ದವರು ಫೈಲ್ ತಿರುವಿ ಹಾಕಿ, “ಪಿ53 ಕೆಟ್ಟಿದೆ, ಇನ್ನು ಔಷಧಿ ಹಿಡಿಯೋದು ಕಷ್ಟ” ಅಂದು ಎದ್ದೇ ಹೋದರು. ಅಮ್ಮ ಪಕ್ಕದಲ್ಲೇ ಕೂತಿದ್ದರು. ಬಸ್ಸಿನಲ್ಲಿ ಬರುವಾಗ ಒಂದು ಮಾತೂ ಆಡಲಿಲ್ಲ.

ಎರಡರಲ್ಲಿ ಯಾವುದು ನಿಜ? ಪಿ53 ಕೆಟ್ಟರೆ ಕೀಮೋ ಕೆಲಸ ಮಾಡುವುದಿಲ್ಲವಾ? ಹಾಗಾದರೆ ಮೊದಲ ಸಲ ಹೇಗೆ ಕೆಲಸ ಮಾಡಿತು? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ. ಇನ್ನೊಂದು, ಅಮ್ಮನ ತಂಗಿಗೂ ನಲವತ್ತು ತುಂಬುವ ಮೊದಲೇ ಎದೆಯ ಕ್ಯಾನ್ಸರ್ ಆಗಿತ್ತು. ಅದು ಬೇರೆ ಕಾಯಿಲೆ ಅಂತ ನಾವು ಅಲ್ಲಿ ಹೇಳಲಿಲ್ಲ.

ಸ್ಲೈಡ್ ನೋಡುವವಳು

ನಾನು ಪ್ಯಾಥಾಲಜಿಯವಳು. ದಿನಾ ಇದೇ ಬಣ್ಣ ನೋಡುವ ಕೆಲಸ. ಮೊದಲು ನಿಮ್ಮ ಮಾವನ ಮಗನ ಮಾತು ತೆಗೆದುಕೊಳ್ಳೋಣ, ಯಾಕಂದರೆ ಓದಿದವರೂ ಇಲ್ಲೇ ಎಡವುತ್ತಾರೆ.

ಪಿ53 ಕ್ಯಾನ್ಸರ್ ತಡೆಯುವ ಪ್ರೋಟೀನ್ ಅನ್ನುವುದು ಸರಿ. ಆದರೆ ಆರೋಗ್ಯವಾಗಿರುವ ಕೋಶದಲ್ಲಿ ಅದು ಹೆಚ್ಚು ಹೊತ್ತು ಉಳಿಯುವುದಿಲ್ಲ. ಹುಟ್ಟುತ್ತದೆ, ಎಂಡಿಎಂ2 ಅನ್ನುವ ಇನ್ನೊಂದು ಪ್ರೋಟೀನ್ ಬಂದು ಅದನ್ನು ಹಿಡಿದು ನಾಶಕ್ಕೆ ಕಳಿಸುತ್ತದೆ. ಅದರ ಆಯಸ್ಸು ನಿಮಿಷಗಳ ಲೆಕ್ಕ. ಡಿಎನ್‌ಎಗೆ ಪೆಟ್ಟು ಬಿದ್ದಾಗ ಮಾತ್ರ ಎಂಡಿಎಂ2 ಹಿಡಿತ ಸಡಿಲವಾಗಿ ಪಿ53 ಶೇಖರವಾಗುತ್ತದೆ. ಹಾಗಾಗಿ ಸರಿಯಿರುವ ಅಂಗಾಂಶಕ್ಕೆ ಪಿ53 ಸ್ಟೇನ್ (ಆ ಪ್ರೋಟೀನ್ ಇರುವಲ್ಲಿ ಕಂದು ಬರುವ ಬಣ್ಣ) ಹಾಕಿದರೆ ಅಲ್ಲೊಂದು ಇಲ್ಲೊಂದು ನ್ಯೂಕ್ಲಿಯಸ್ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಕೆಲವು ಗಾಢ, ಕೆಲವು ತೆಳು, ಉಳಿದವು ನೀಲಿ. ಅದು ನಾರ್ಮಲ್.

ಜೀನ್ ಕೆಟ್ಟು ಪ್ರೋಟೀನಿನ ಆಕಾರ ಬದಲಾದರೆ ಕೆಲಸ ಮಾಡದ ಪಿ53 ಕೋಶದೊಳಗೆ ರಾಶಿ ಬೀಳುತ್ತದೆ. ಅದನ್ನು ತೆಗೆದುಹಾಕುವ ವ್ಯವಸ್ಥೆಯೇ ತಪ್ಪಿಹೋಗಿರುತ್ತದೆ. ಸ್ಲೈಡ್ ಮೈಕ್ರೋಸ್ಕೋಪಿನ ಕೆಳಗೆ ಇಟ್ಟ ತಕ್ಷಣ ಗೊತ್ತಾಗುತ್ತದೆ, ಗಡ್ಡೆಯ ಹೆಚ್ಚುಕಡಿಮೆ ಎಲ್ಲ ನ್ಯೂಕ್ಲಿಯಸ್‌ಗಳೂ ಒಂದೇ ಸಮ ಗಾಢ ಕಂದು, ಪಕ್ಕದಲ್ಲೇ ಇರುವ ಸಾಮಾನ್ಯ ಕೋಶಗಳು ಮಾತ್ರ ನೀಲಿಯಾಗಿಯೇ ಇರುತ್ತವೆ, ಎರಡರ ನಡುವಿನ ಗೆರೆ ಕೈಯಲ್ಲಿ ಎಳೆದ ಹಾಗೆ ಕಾಣುತ್ತದೆ. ಇದೇ ನಿಮ್ಮ ರಿಪೋರ್ಟಿನ ‘ಸ್ಟ್ರಾಂಗ್ ಡಿಫ್ಯೂಸ್’. ಇನ್ನು ಕೆಲವರಲ್ಲಿ ಜೀನ್ ಅರ್ಧಕ್ಕೇ ನಿಂತು ಪ್ರೋಟೀನೇ ತಯಾರಾಗುವುದಿಲ್ಲ. ಆಗ ಗಡ್ಡೆ ಪೂರ್ತಿ ನೀಲಿ. ಅದೂ ಕೆಟ್ಟದ್ದೇ. ಅಂದರೆ ತೀರಾ ಜಾಸ್ತಿ ಇದ್ದರೂ ತೊಂದರೆ, ಒಂಚೂರೂ ಇಲ್ಲದಿದ್ದರೂ ತೊಂದರೆ. ಇದು ಸಕ್ಕರೆ ಟೆಸ್ಟ್ ಥರ ಅಂಕಿ ನೋಡಿ ಹೇಳುವಂಥದ್ದಲ್ಲ.

ಈಗ ಫೈಲ್ ತಿರುವಿ ಎದ್ದುಹೋದವರ ಮಾತು. ಇದು ನನಗೆ ನಿಜವಾಗಿ ಬೇಸರ ತಂದಿತು. ಹೈ ಗ್ರೇಡ್ ಸೀರಸ್ ಕ್ಯಾನ್ಸರ್‌ನಲ್ಲಿ ಪಿ53 ಕೆಟ್ಟಿರುವುದು ನಿಮ್ಮಮ್ಮನೊಬ್ಬರಿಗೆ ಬಂದದ್ದಲ್ಲ. 2011ರಲ್ಲಿ ಅಮೆರಿಕದ ಕ್ಯಾನ್ಸರ್ ಜಿನೋಮ್ ಅಟ್ಲಾಸ್ ಯೋಜನೆಯವರು ಇಂಥ 316 ಗಡ್ಡೆಗಳ ಜೀನ್ ಓದಿ ನೋಡಿದಾಗ ನೂರಕ್ಕೆ 96ರಲ್ಲಿ ಈ ಜೀನ್ ಕೆಟ್ಟಿತ್ತು. ಅಂದರೆ ಬಹುತೇಕ ಎಲ್ಲರದ್ದೂ. ಹಾಗಿದ್ದೂ ಇವರಲ್ಲಿ ಹೆಚ್ಚಿನವರಿಗೆ ಮೊದಲ ಸುತ್ತಿನ ಪ್ಲಾಟಿನಂ ಕೀಮೋ (ಕಾರ್ಬೋಪ್ಲಾಟಿನ್ ಈ ಗುಂಪಿನದೇ) ಚೆನ್ನಾಗಿ ನಾಟುತ್ತದೆ. ನಿಮ್ಮಮ್ಮನಿಗೂ ನಾಟಿತ್ತಲ್ವಾ? ಆಗಲೂ ಪಿ53 ಕೆಟ್ಟೇ ಇತ್ತು. ನಾವು ಆ ಸ್ಟೇನ್ ಹಾಕುವುದು ಇದು ಯಾವ ಬಗೆಯ ಕ್ಯಾನ್ಸರ್ ಅಂತ ಖಚಿತ ಮಾಡಿಕೊಳ್ಳಲಿಕ್ಕೆ. ಔಷಧಿ ಹಿಡಿಯುತ್ತಾ ಇಲ್ವಾ ಅಂತ ಭವಿಷ್ಯ ಹೇಳಲಿಕ್ಕೆ ಅಲ್ಲ. ಅಮ್ಮನಿಗೆ ಈ ಮಾತನ್ನು ಇವತ್ತೇ ಹೇಳಿ.

ಗಂಗೋತ್ರಿ ಲ್ಯಾಬ್

ಮೇಡಂ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಮಾನಸಗಂಗೋತ್ರಿಯಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ, ಕ್ಯಾನ್ಸರ್ ಕೋಶಗಳು ಔಷಧಿಗೆ ಬಗ್ಗದೆ ಹೋಗುವುದೇ ನನ್ನ ವಿಷಯ. ನಾನು ಡಾಕ್ಟರ್ ಅಲ್ಲ, ಅಮ್ಮನಿಗೆ ಏನು ಕೊಡಬೇಕು ಅಂತ ಹೇಳುವುದಿಲ್ಲ. ಒಳಗೆ ಏನಾಗುತ್ತದೆ ಅಂತ ಹೇಳಬಲ್ಲೆ.

ಕೀಮೋ ಔಷಧಿ ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಬಹಳ ಸಲ ಹಾಗಲ್ಲ. ಔಷಧಿ ಡಿಎನ್‌ಎ ಕೆಡಿಸುತ್ತದೆ ಅಷ್ಟೇ, ಸಾಯುವ ತೀರ್ಮಾನ ಕೋಶವೇ ಮಾಡುತ್ತದೆ. ಆ ತೀರ್ಮಾನದಲ್ಲಿ ಪಿ53 ಮುಖ್ಯ. ವಿಶ್ವೇಶ್ವರಯ್ಯ ನಾಲೆ ಕಡೆಯವರಿಗೆ ನೀರುಗಂಟಿ ಗೊತ್ತಿರುತ್ತಾನೆ. ಏರಿ ಬಿರುಕು ಬಿಟ್ಟರೆ ಮೊದಲು ತೂಬು ಮುಚ್ಚುತ್ತಾನೆ, ದುರಸ್ತಿಗೆ ಜನ ಕರೆಸುತ್ತಾನೆ, ದುರಸ್ತಿ ಆಗುವ ಹಾಗೇ ಇಲ್ಲ ಅನ್ನಿಸಿದರೆ ಆ ಕಾಲುವೆಯನ್ನೇ ಕೈಬಿಡುತ್ತಾನೆ. ಪಿ53 ಮಾಡುವುದೂ ಮುಖ್ಯವಾಗಿ ಈ ಮೂರು ಕೆಲಸ. ಪಿ21 ಅನ್ನುವ ಪ್ರೋಟೀನ್ ಮಾಡಿಸಿ ಕೋಶ ಇಬ್ಭಾಗ ಆಗುವುದನ್ನು ನಿಲ್ಲಿಸುತ್ತದೆ, ರಿಪೇರಿಗೆ ಸಮಯ ಕೊಡುತ್ತದೆ, ಆಗದಿದ್ದರೆ ಪ್ಯೂಮಾ, ಬ್ಯಾಕ್ಸ್ ಅಂಥ ಪ್ರೋಟೀನ್‌ಗಳನ್ನು ಎಬ್ಬಿಸಿ ಕೋಶ ತಾನಾಗಿ ಸಾಯುವ ಹಾಗೆ ಮಾಡುತ್ತದೆ.

1979ರಲ್ಲಿ ಇದನ್ನು ಕಂಡುಹಿಡಿದಾಗ ಕ್ಯಾನ್ಸರ್ ತರುವ ಪ್ರೋಟೀನ್ ಅಂತಲೇ ತಿಳಿದಿದ್ದರು, ಗಡ್ಡೆಗಳಲ್ಲಿ ಅಷ್ಟು ಜಾಸ್ತಿ ಕಂಡಿತ್ತು. ತಡೆಯುವ ಪ್ರೋಟೀನ್ ಅಂತ ಖಚಿತವಾಗಲು ಹತ್ತು ವರ್ಷ ಹಿಡಿಯಿತು. 1993ರಲ್ಲಿ ಸ್ಕಾಟ್ ಲೋವ್ ಮತ್ತು ಜೊತೆಯವರು ಇಲಿಯ ಕೋಶಗಳಲ್ಲಿ ತೋರಿಸಿದರು: ಪಿ53 ಇರುವ ಕೋಶಗಳು ಕೀಮೋ ಔಷಧಿಗೆ, ರೇಡಿಯೇಶನ್‌ಗೆ ಬೇಗ ಸಾಯುತ್ತವೆ, ಪಿ53 ಇಲ್ಲದವು ಅದೇ ಡೋಸಿಗೆ ತಡೆದುಕೊಂಡು ಉಳಿಯುತ್ತವೆ. “ಪಿ53 ಕೆಟ್ಟರೆ ಔಷಧಿ ಹಿಡಿಯಲ್ಲ” ಅನ್ನುವ ಮಾತು ಹುಟ್ಟಿದ್ದು ಇಂಥ ಕೆಲಸದಿಂದಲೇ. ಕೆಲವು ಕ್ಯಾನ್ಸರ್‌ಗಳಲ್ಲಿ ಅದು ಅಕ್ಷರಶಃ ನಿಜ ಕೂಡ. ಸಿಎಲ್‌ಎಲ್ ಅನ್ನುವ ರಕ್ತದ ಕ್ಯಾನ್ಸರ್ ತೆಗೆದುಕೊಳ್ಳಿ. ಅಲ್ಲಿ 17ನೇ ಕ್ರೋಮೋಸೋಮಿನ ಸಣ್ಣ ತೋಳು, ಅಂದರೆ ಪಿ53 ಜೀನ್ ಕೂತಿರುವ ಜಾಗ, ಬಿದ್ದುಹೋಗಿದ್ದರೆ ಹಳೆಯ ಫ್ಲುಡರಾಬಿನ್ ಕೀಮೋ ಸರಿಯಾಗಿ ನಾಟುವುದಿಲ್ಲ. ಚಿಕಿತ್ಸೆ ಶುರು ಮಾಡುವ ಮೊದಲೇ ಆ ಟೆಸ್ಟ್ ಮಾಡಿಸಿ, ಕೆಟ್ಟಿದ್ದರೆ ಇಬ್ರುಟಿನಿಬ್, ವೆನೆಟೋಕ್ಲ್ಯಾಕ್ಸ್‌ನಂಥ ಬೇರೆ ದಾರಿಯ ಔಷಧಿಗೆ ಹೋಗುತ್ತಾರೆ.

ಆದರೆ ಇದನ್ನೇ ಎಲ್ಲ ಕ್ಯಾನ್ಸರ್‌ಗೂ ಅನ್ವಯಿಸಿದರೆ ಕಥೆ ಕೆಡುತ್ತದೆ. 2012ರಲ್ಲಿ ಇಲಿಗಳ ಸ್ತನದ ಗಡ್ಡೆಗಳ ಮೇಲೆ ಡಾಕ್ಸೋರುಬಿಸಿನ್ ಕೊಟ್ಟು ನೋಡಿದ ಒಂದು ಅಧ್ಯಯನದಲ್ಲಿ ಫಲಿತಾಂಶ ಪೂರ್ತಿ ತಿರುವುಮುರುವಾಗಿತ್ತು. ಪಿ53 ಸರಿಯಿದ್ದ ಗಡ್ಡೆಗಳೇ ಔಷಧಿ ತಪ್ಪಿಸಿಕೊಂಡವು. ಯಾಕೆ ಗೊತ್ತಾ? ಪಿ53 ಅವುಗಳನ್ನು ಕೊಲ್ಲುವ ಬದಲು ಸುಮ್ನೆ ನಿಲ್ಲಿಸಿಬಿಟ್ಟಿತು. ನಿಂತ ಕೋಶಗಳು ಜೀವಂತವಾಗಿಯೇ ಉಳಿದವು. ಪಿ53 ಕೆಟ್ಟಿದ್ದವು ಮಾತ್ರ ಕೆಟ್ಟ ಡಿಎನ್‌ಎ ಇಟ್ಟುಕೊಂಡೇ ಇಬ್ಭಾಗ ಆಗಲು ನುಗ್ಗಿ, ಅರ್ಧದಲ್ಲಿ ಛಿದ್ರವಾಗಿ ಸತ್ತವು. ನಿಮ್ಮಮ್ಮನಿಗೆ ಮೊದಲ ಸಲ ಪ್ಲಾಟಿನಂ ಹೇಗೆ ಹಿಡಿಯಿತು ಅಂತ ಕೇಳಿದಿರಲ್ಲ, ಅದಕ್ಕೂ ಉತ್ತರ ಇಲ್ಲೇ ಹತ್ತಿರದಲ್ಲಿದೆ. ಪೆಟ್ಟು ಮಿತಿಮೀರಿದರೆ ಪಿ53 ಇಲ್ಲದೆಯೂ ಕೋಶ ಸಾಯುತ್ತದೆ. ಹಾಗಾಗಿ ಯಾವ ಕ್ಯಾನ್ಸರ್, ಯಾವ ಔಷಧಿ ಅಂತ ಹೇಳದೆ ಬರೀ “ಪಿ53 ಕೆಟ್ಟಿದೆ” ಅಂದರೆ ಅದು ಅರ್ಧ ಮಾತು.

ಹುಣಸೂರು ರಸ್ತೆ

ಗಂಗೋತ್ರಿಯವರೇ, ಕೆಟ್ಟ ಪಿ53 ಕೋಶದ ಪಂಪ್ ಜಾಸ್ತಿ ಮಾಡಿ ಔಷಧಿಯನ್ನು ಹೊರಗೆ ಹಾಕುತ್ತದೆ ಅಂತ ಎಲ್ಲೋ ಓದಿದ್ದೆ. ನಿಜವಾ?

ಗಂಗೋತ್ರಿ ಲ್ಯಾಬ್

ಹೌದು, ಪಿ-ಗ್ಲೈಕೋಪ್ರೋಟೀನ್ ಅಂತ ಅದರ ಹೆಸರು. ಸರಿಯಿರುವ ಪಿ53 ಆ ಪಂಪಿನ ಜೀನನ್ನು ತಗ್ಗಿಸಿ ಇಡುತ್ತದೆ, ಕೆಟ್ಟ ಪಿ53ಗಳಲ್ಲಿ ಕೆಲವು ಅದನ್ನೇ ಎಬ್ಬಿಸುತ್ತವೆ ಅಂತ 1992ರಲ್ಲೇ ಲ್ಯಾಬಿನಲ್ಲಿ ತೋರಿಸಿದ್ದರು. ಒಂದು ಗಮನಿಸಿ, ಆ ಪಂಪ್ ಪ್ಯಾಕ್ಲಿಟ್ಯಾಕ್ಸೆಲ್, ಡಾಕ್ಸೋರುಬಿಸಿನ್ ಅಂಥವನ್ನು ಹೊರಗೆ ತಳ್ಳುತ್ತದೆ. ಕಾರ್ಬೋಪ್ಲಾಟಿನ್ ಅದರ ಕೈಗೆ ಸಿಗುವುದಿಲ್ಲ.

ಸರಸ್ವತಿಪುರಂ ಸಿಸ್ಟರ್

ತಮ್ಮಾ ಕೆರೆಗೋಡು, ನೀವು ಕೊನೆಯಲ್ಲಿ ಬರೆದ ಎರಡು ಸಾಲು ಓದಿ ನಾನು ಕೂತಲ್ಲಿಂದ ಎದ್ದೆ. ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್, ಚಿಕ್ಕಮ್ಮನಿಗೆ ನಲವತ್ತರ ಒಳಗೆ ಎದೆಯ ಕ್ಯಾನ್ಸರ್. ಇದು ಬೇರೆ ಬೇರೆ ಕಾಯಿಲೆ ಅಂತ ಬಿಡುವ ವಿಷಯ ಅಲ್ಲವೇ ಅಲ್ಲ. ಮನೆತನದಲ್ಲಿ ಈ ಎರಡೂ ಕ್ಯಾನ್ಸರ್ ತರಬಲ್ಲ ಜೀನಿನ ಟೆಸ್ಟ್, ಬಿಆರ್‌ಸಿಎ, ಆಗಿದೆಯಾ? ನಮ್ಮಲ್ಲಿ ಬ್ರಾಕಾ ಅಂತಾರೆ. ಫೈಲಿನಲ್ಲಿ ನೋಡಿ ಹೇಳಿ.

ನಾನು ಕೀಮೋ ಡೇಕೇರ್‌ನಲ್ಲಿ ಸಿಸ್ಟರ್ ಆಗಿ ಕೆಲಸ ಮಾಡುತ್ತೇನೆ. ಫೈಲ್ ಹಿಡಿದು ಬಂದು ಕೂತವರ ಹತ್ತಿರ “ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಆಗಿತ್ತಾ” ಅಂತ ಕೇಳಿದರೆ ಇಲ್ಲ ಅಂತಲೇ ಶುರು ಮಾಡುತ್ತಾರೆ. ಗಂಡನ ಮನೆಯವರ ಮುಂದೆ ಹೇಳಲು ಸಂಕೋಚ, ಮಗಳ ಮದುವೆ ಆಗಬೇಕು ಅನ್ನುವ ಚಿಂತೆ. ಡ್ರಿಪ್ ಹಾಕಿ ಒಂದು ಗಂಟೆ ಆದಮೇಲೆ ಮೆಲ್ಲಗೆ ಸೋದರತ್ತೆಯದೋ ಅಜ್ಜಿಯದೋ ಹೆಸರು ಬರುತ್ತದೆ. ಆ ಒಂದು ಹೆಸರಿನಿಂದ ಚಿಕಿತ್ಸೆಯೇ ಬದಲಾಗಬಹುದು, ಹಾಗಾಗಿ ದಯವಿಟ್ಟು ಡಾಕ್ಟರ ಮುಂದೆ ಏನನ್ನೂ ಮುಚ್ಚಿಡಬೇಡಿ.

ಇನ್ನೊಂದು ವಿಷಯ. ದಸರಾಗೆ ಮುಗಿದು ಶ್ರಾವಣಕ್ಕೆ ಮತ್ತೆ ಕಾಣಿಸಿಕೊಂಡಿದೆ ಅಂದಿರಿ. ಪ್ಲಾಟಿನಂ ಮುಗಿದು ಆರು ತಿಂಗಳ ಒಳಗೆ ಕಾಯಿಲೆ ಮರಳಿದರೆ ಅದನ್ನು ಪ್ಲಾಟಿನಂಗೆ ಬಗ್ಗದ್ದು ಅಂತ ಲೆಕ್ಕ ಹಾಕುತ್ತಾರೆ. ಆರು ತಿಂಗಳು ದಾಟಿ ಬಂದರೆ ಅದೇ ಔಷಧಿ ಮತ್ತೆ ಕೊಟ್ಟು ನೋಡುವ ಅವಕಾಶ ಸಾಮಾನ್ಯವಾಗಿ ಇರುತ್ತದೆ. ನಿಮ್ಮಮ್ಮನದು ಆರು ತಿಂಗಳು ದಾಟಿದೆ. “ಇನ್ನು ಔಷಧಿ ಹಿಡಿಯೋದು ಕಷ್ಟ” ಅಂದವರು ಈ ತಾರೀಖು ನೋಡಿದ್ದರಾ ಅಂತ ನನಗೆ ಅನುಮಾನ.

ಕೆರೆಗೋಡಿನವನು

ಅಕ್ಕಾ, ಫೈಲ್ ಪೂರ್ತಿ ಹುಡುಕಿದೆ, ಬ್ರಾಕಾ ಅಂತ ಎಲ್ಲೂ ಇಲ್ಲ. ಯಾರೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ಅಮ್ಮನಿಗೆ ಮೇಡಂ ಬರೆದದ್ದನ್ನು ಓದಿ ಹೇಳಿದೆ. “ಹಂಗಾದ್ರೆ ಎಲ್ಲಾರ್ಗೂ ಇರೋದೇನಾ ಅದು?” ಅಂತ ಕೇಳಿದರು. ಹೌದು ಅಂದೆ. ರಾತ್ರಿ ಸರಿಯಾಗಿ ಊಟ ಮಾಡಿದರು. ಮೇಡಂ, ನಿಮಗೆ ಹೇಗೆ ಹೇಳಬೇಕು ಗೊತ್ತಾಗುತ್ತಿಲ್ಲ.

ಈಗ ಬ್ರಾಕಾ ಬಗ್ಗೆ ಓದುತ್ತಿದ್ದೆ. ಅದೂ ಕ್ಯಾನ್ಸರ್ ತಡೆಯುವ ಪ್ರೋಟೀನೇ ಅಂತ ಇದೆ. ಆದರೆ ಅದು ಕೆಟ್ಟಿದ್ದರೆ ಔಷಧಿ ಚೆನ್ನಾಗಿ ಹಿಡಿಯುತ್ತದೆ ಅಂತ ಬರೆದಿದ್ದಾರೆ! ಪಿ53 ಕೆಟ್ಟರೆ ಔಷಧಿಗೆ ತೊಂದರೆ, ಬ್ರಾಕಾ ಕೆಟ್ಟರೆ ಔಷಧಿಗೆ ಅನುಕೂಲ, ಇದು ಹೇಗೆ?

ಗಂಗೋತ್ರಿ ಲ್ಯಾಬ್

ಒಳ್ಳೆಯ ಪ್ರಶ್ನೆ. ಈ ವಿಷಯದ ತಿರುಳೇ ಅದು. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ತಡೆಯುವ ಪ್ರೋಟೀನ್ ಅಂತ ಒಂದೇ ಹೆಸರಿನಲ್ಲಿ ಕರೆದರೂ ಅವುಗಳ ಕೆಲಸ ಬೇರೆ ಬೇರೆ. ಪಿ53 ತೀರ್ಮಾನ ಮಾಡುವ ಪ್ರೋಟೀನ್. ಬ್ರಾಕಾ1, ಬ್ರಾಕಾ2 ರಿಪೇರಿ ಮಾಡುವ ಪ್ರೋಟೀನ್‌ಗಳು. ಡಿಎನ್‌ಎಯ ಎರಡೂ ಎಳೆ ತುಂಡಾದಾಗ, ಇನ್ನೊಂದು ಸರಿಯಾದ ಪ್ರತಿ ನೋಡಿಕೊಂಡು ತಪ್ಪಿಲ್ಲದೆ ಜೋಡಿಸುವ ಕೆಲಸ ಅವುಗಳದ್ದು. ಈ ರಿಪೇರಿ ಇಲ್ಲದೆ ಹೋದರೆ ತಪ್ಪುಗಳು ಸೇರುತ್ತಾ ಹೋಗಿ ಕ್ಯಾನ್ಸರ್ ಹುಟ್ಟುತ್ತದೆ. ಅದು ಕೆಟ್ಟ ಸುದ್ದಿ. ಆದರೆ ಹಾಗೆ ಹುಟ್ಟಿದ ಕ್ಯಾನ್ಸರ್‌ಗೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲೂ ಬರುವುದಿಲ್ಲ! ಕಾರ್ಬೋಪ್ಲಾಟಿನ್ ಹೋಗಿ ಡಿಎನ್‌ಎಯ ಎಳೆಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಅದನ್ನು ಬಿಡಿಸಿಕೊಳ್ಳಲು ಬ್ರಾಕಾ ಬೇಕು. ಇಲ್ಲ. ಕೋಶ ಸಾಯುತ್ತದೆ.

ಓಲಾಪರಿಬ್ ಅನ್ನುವ ಮಾತ್ರೆ ಇದೇ ದೌರ್ಬಲ್ಯ ಹಿಡಿದು ಮಾಡಿದ್ದು. ಡಿಎನ್‌ಎಯ ಒಂದೇ ಎಳೆ ತುಂಡಾದರೆ ಪಾರ್ಪ್ ಅನ್ನುವ ಪ್ರೋಟೀನ್ ಬಂದು ಸರಿಮಾಡಿಸುತ್ತದೆ. ಮಾತ್ರೆ ಅದನ್ನು ತಡೆದು, ತುಂಡಾದ ಜಾಗದಲ್ಲೇ ಸಿಕ್ಕಿಹಾಕಿಸುತ್ತದೆ. ಸಾಮಾನ್ಯ ಕೋಶಕ್ಕೆ ಬ್ರಾಕಾ ಇರುವುದರಿಂದ ಹೇಗೋ ನಿಭಾಯಿಸುತ್ತದೆ. ಬ್ರಾಕಾ ಇಲ್ಲದ ಕ್ಯಾನ್ಸರ್ ಕೋಶಕ್ಕೆ ಎರಡೂ ದಾರಿ ಮುಚ್ಚಿಹೋಗುತ್ತವೆ. ಹೊಸದಾಗಿ ಅಂಡಾಶಯದ ಕ್ಯಾನ್ಸರ್ ಆಗಿ, ಬ್ರಾಕಾ ಕೆಟ್ಟಿದ್ದು, ಮೊದಲ ಪ್ಲಾಟಿನಂ ಕೀಮೋ ನಾಟಿದವರಿಗೆ ಈ ಮಾತ್ರೆ ಮುಂದುವರಿಸಿ ನೋಡಿದ ಸೋಲೋ1 ಅಧ್ಯಯನ 2018ರಲ್ಲಿ ಬಂತು. ಕಾಯಿಲೆ ಮರಳುವ ಅಥವಾ ಸಾವಿನ ಅಪಾಯ ನೂರಕ್ಕೆ 70ರಷ್ಟು ಇಳಿದಿತ್ತು. ಮರಳಿ ಬಂದ ಕಾಯಿಲೆಯಲ್ಲೂ, ಪ್ಲಾಟಿನಂ ಮತ್ತೆ ನಾಟಿದರೆ ಆಮೇಲೆ ಇದನ್ನು ಕೊಡುವ ರೂಢಿ ಇದೆ. ಅದಕ್ಕೇ ಸಿಸ್ಟರ್ ಅಷ್ಟು ಒತ್ತಿ ಕೇಳಿದ್ದು.

ಈಗ ಔಷಧಿಗೆ ಬಗ್ಗದೆ ಹೋಗುವ ಭಾಗ. ಇಲ್ಲಿ ಎಲ್ಲ ಉಲ್ಟಾ. ಪಿ53ರಲ್ಲಿ, ಸಿಎಲ್‌ಎಲ್‌ನಂಥ ಕೆಲವು ಕ್ಯಾನ್ಸರ್‌ಗಳಲ್ಲಿ, ಪ್ರೋಟೀನ್ ಕಳೆದುಕೊಂಡು ಕೋಶ ಔಷಧಿ ತಡೆದುಕೊಳ್ಳುತ್ತದೆ. ಬ್ರಾಕಾದಲ್ಲಿ ಕಳೆದುಕೊಂಡ ಪ್ರೋಟೀನನ್ನು ಮತ್ತೆ ಪಡೆದುಕೊಂಡು ತಡೆದುಕೊಳ್ಳುತ್ತದೆ. ಹೇಗೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಜೀನನ್ನು ಕೋಶ ಮೂರು ಮೂರು ಅಕ್ಷರಗಳಾಗಿ ಓದುತ್ತದೆ. ಬ್ರಾಕಾ1ರಲ್ಲಿ 185ಡೆಲ್‌ಎಜಿ ಅನ್ನುವ ಬದಲಾವಣೆ ಇದೆ, ಭಾರತದ ಕುಟುಂಬಗಳಲ್ಲೂ ಸಿಗುತ್ತದೆ. ಅದರಲ್ಲಿ ಎರಡು ಅಕ್ಷರ ಬಿದ್ದುಹೋಗಿರುತ್ತವೆ. ಅಲ್ಲಿಂದ ಮುಂದೆ ಮೂರರ ಲೆಕ್ಕ ತಪ್ಪಿ ಓದಿದ್ದೆಲ್ಲ ಅರ್ಥವಿಲ್ಲದ್ದಾಗಿ, ಪ್ರೋಟೀನ್ ಅರ್ಧಕ್ಕೇ ನಿಲ್ಲುತ್ತದೆ. ಈಗ ಕೋಟಿಗಟ್ಟಲೆ ಕ್ಯಾನ್ಸರ್ ಕೋಶಗಳಲ್ಲಿ ಯಾವುದೋ ಒಂದರಲ್ಲಿ ಅದೇ ಜಾಗದ ಹತ್ತಿರ ಇನ್ನೂ ಒಂದು ಅಕ್ಷರ ಬಿದ್ದುಹೋಯಿತು ಅಂತಿಟ್ಟುಕೊಳ್ಳಿ. ಎರಡು ಹೋಗಿತ್ತು, ಇನ್ನೊಂದು ಹೋಗಿ ಮೂರಾಯಿತು. ಲೆಕ್ಕ ಮತ್ತೆ ಸರಿಹೋಯಿತು. ಪ್ರೋಟೀನ್ ಒಂಚೂರು ಗಿಡ್ಡ, ಆದರೆ ಕೆಲಸ ಮಾಡುತ್ತದೆ. ಔಷಧಿಗೆ ಉಳಿದವೆಲ್ಲ ಸಾಯುತ್ತವೆ, ಈ ಒಂದು ಉಳಿಯುತ್ತದೆ, ಇದರ ಸಂತತಿಯೇ ಮುಂದೆ ಗಡ್ಡೆಯಾಗಿ ಬೆಳೆಯುತ್ತದೆ. ಕಲ್ಪನೆ ಅಲ್ಲ, ಲೆಕ್ಕ ಹೀಗೆ ಮರಳಿ ಸರಿಹೋಗುವುದನ್ನು ರೋಗಿಗಳ ಗಡ್ಡೆಗಳಲ್ಲೇ 2008ರಲ್ಲಿ ಕಂಡಿದ್ದಾರೆ.

ನಿಮ್ಮಮ್ಮನ ಕಾಯಿಲೆಯದ್ದೇ ಇನ್ನೊಂದು ಅಧ್ಯಯನ ಇದೆ, ಆಸ್ಟ್ರೇಲಿಯಾದವರು 2015ರಲ್ಲಿ ಪ್ರಕಟಿಸಿದ್ದು. ಹೈ ಗ್ರೇಡ್ ಸೀರಸ್ ಇದ್ದ 92 ಜನರ ಕ್ಯಾನ್ಸರ್‌ನ ಪೂರ್ತಿ ಜಿನೋಮ್ ಓದಿದರು. ಕೀಮೋಗೆ ಬಗ್ಗದೆ ಹೋದದ್ದಕ್ಕೆ ಒಂದೇ ಕಾರಣ ಸಿಗಲಿಲ್ಲ. ಕೆಲವರಲ್ಲಿ ಬ್ರಾಕಾ ಮರಳಿ ಸರಿಹೋಗಿತ್ತು. ಕೆಲವರಲ್ಲಿ ಆರ್‌ಬಿ1, ಎನ್‌ಎಫ್1, ಪಿಟೆನ್ ಅನ್ನುವ ಬೇರೆ ತಡೆಯುವ ಜೀನ್‌ಗಳು ನಡುವೆ ತುಂಡಾಗಿ ಕೆಟ್ಟಿದ್ದವು. ಇನ್ನು ಕೆಲವರಲ್ಲಿ ಮೇಲೆ ಹೇಳಿದ ಆ ಪಂಪಿನ ಜೀನ್ ಜೋರಾಗಿತ್ತು. ಪಿ53 ಶುರುವಿನಿಂದಲೂ ಕೆಟ್ಟೇ ಇರುವಾಗ, ಮುಂದೆ ಔಷಧಿ ನಾಟುವುದು ಬಿಡುವುದು ಇಂಥವುಗಳ ಕೈಯಲ್ಲಿರುತ್ತದೆ.

ಕುವೆಂಪುನಗರ

ಆರ್‌ಬಿ ಹೆಸರು ಬಂದದ್ದರಿಂದ ಕೇಳುತ್ತೇನೆ. ನನ್ನ ಹೆಂಡತಿಗೆ ಸ್ತನದ ಕ್ಯಾನ್ಸರ್, ಹಾರ್ಮೋನ್ ಪಾಸಿಟಿವ್. ಪಾಲ್ಬೋಸಿಕ್ಲಿಬ್ ಮಾತ್ರೆ ನಡೆಯುತ್ತಿದೆ, ಸದ್ಯ ಚೆನ್ನಾಗಿದ್ದಾಳೆ. ಆರ್‌ಬಿ ಕೆಟ್ಟರೆ ಈ ಮಾತ್ರೆ ನಿಂತುಹೋಗುತ್ತದೆ ಅಂತ ಓದಿ ನಿದ್ದೆ ಬರುತ್ತಿಲ್ಲ. ಈಗಲೇ ಟೆಸ್ಟ್ ಮಾಡಿಸಬೇಕಾ?

ಗಂಗೋತ್ರಿ ಲ್ಯಾಬ್

ಸರ್, ನೀವು ಓದಿದ್ದು ಸರಿ. ಪಾಲ್ಬೋಸಿಕ್ಲಿಬ್ ತಡೆಯುವುದು ಸಿಡಿಕೆ4, ಸಿಡಿಕೆ6 ಅನ್ನುವ ಎರಡು ಪ್ರೋಟೀನ್‌ಗಳನ್ನು. ಅವು ಆರ್‌ಬಿಯನ್ನು (ಆರ್‌ಬಿ1 ಜೀನಿನ ಪ್ರೋಟೀನ್) ಸುಮ್ಮನಾಗಿಸಿ ಕೋಶ ಬೆಳೆಯಲು ಬಿಡುತ್ತವೆ. ಮಾತ್ರೆ ಅವನ್ನು ಕಟ್ಟಿಹಾಕಿದರೆ ಆರ್‌ಬಿ ಮತ್ತೆ ಕೆಲಸ ಶುರು ಮಾಡಿ ಬೆಳವಣಿಗೆ ನಿಲ್ಲಿಸುತ್ತದೆ. ಅಂದರೆ ನಿಜವಾದ ಕೆಲಸ ಆರ್‌ಬಿಯದ್ದೇ. ಅದೇ ಇಲ್ಲದಿದ್ದರೆ ಮಾತ್ರೆಯಿಂದ ಪ್ರಯೋಜನ ಇಲ್ಲ. ಆದರೆ ಹಾರ್ಮೋನ್ ಪಾಸಿಟಿವ್ ಸ್ತನ ಕ್ಯಾನ್ಸರ್‌ನಲ್ಲಿ ಶುರುವಿನಲ್ಲೇ ಆರ್‌ಬಿ ಕೆಟ್ಟಿರುವುದು ಅಪರೂಪ. ಮಾತ್ರೆ ತೆಗೆದುಕೊಳ್ಳುತ್ತಾ ಹೋದಂತೆ ಸ್ವಲ್ಪ ಜನರಲ್ಲಿ ಕೆಡುತ್ತದೆ.

ಸರಸ್ವತಿಪುರಂ ಸಿಸ್ಟರ್

ಅಣ್ಣಾ, ಮಾತ್ರೆ ಹಿಡಿದಿದೆ, ಅಕ್ಕ ಚೆನ್ನಾಗಿದ್ದಾರೆ ಅಂದಮೇಲೆ ಸ್ಕ್ಯಾನ್, ರಕ್ತ ಪರೀಕ್ಷೆ ಹೇಳಿದ ಹೊತ್ತಿಗೆ ತಪ್ಪಿಸದೆ ಮಾಡಿಸಿ, ಬಿಳಿ ರಕ್ತಕಣ ಇಳಿಯುತ್ತದಾ ಅಂತ ನೋಡಿಸಿ. ಆರ್‌ಬಿ ಚಿಂತೆ ಕಾಯಿಲೆ ಮುಂದುವರಿದಾಗ ಡಾಕ್ಟರ ಹತ್ತಿರ ಮಾತಾಡುವಂಥದ್ದು.

ಪಾಂಡವಪುರ ಪೇಟೆ

ನಮ್ಮ ಕಡೆ ಒಬ್ಬರು ಪಿ53 ಹೆಚ್ಚಿಸುವ ಪುಡಿ ಅಂತ ಕೊಡುತ್ತಾರೆ, ಅರಿಶಿನದ ಸಾರ ಮತ್ತು ಇನ್ನೇನೋ ಸೇರಿಸಿದ್ದು. ಕೀಮೋ ಜೊತೆಗೆ ತೆಗೆದುಕೊಂಡರೆ ಔಷಧಿ ಚೆನ್ನಾಗಿ ಹಿಡಿಯುತ್ತಂತೆ. ಕೆರೆಗೋಡಿನವರು ಬೇಕಾದರೆ ವಿಚಾರಿಸಬಹುದು.

ಸ್ಲೈಡ್ ನೋಡುವವಳು

ದಯವಿಟ್ಟು ಬೇಡ. ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಮೇಲೆ ಬರೆದದ್ದನ್ನು ಇನ್ನೊಮ್ಮೆ ನೋಡಿ. ಈ ಗಡ್ಡೆಯಲ್ಲಿ ಪಿ53 ಕಡಿಮೆ ಇಲ್ಲ, ಕೆಟ್ಟ ಪಿ53 ರಾಶಿ ಬಿದ್ದಿದೆ. ಅದನ್ನು ಹೆಚ್ಚಿಸಿ ಏನು ಸಿಗುತ್ತದೆ? ಕೆಟ್ಟ ಪಿ53 ಅನ್ನು ಮತ್ತೆ ಸರಿಯಾದ ಆಕಾರಕ್ಕೆ ತರುವ ಔಷಧಿಗಾಗಿ ಜಗತ್ತಿನ ದೊಡ್ಡ ದೊಡ್ಡ ಲ್ಯಾಬುಗಳು ವರ್ಷಗಟ್ಟಲೆ ಒದ್ದಾಡುತ್ತಿವೆ. ಎಪ್ರೆನೆಟಪಾಪ್ಟ್ ಅಂತ ಒಂದು ಔಷಧಿ ಬಹಳ ಆಸೆ ಹುಟ್ಟಿಸಿ, 2020ರ ಕೊನೆಯಲ್ಲಿ ಮೂರನೇ ಹಂತದ ಪರೀಕ್ಷೆಯಲ್ಲಿ ಗುರಿ ಮುಟ್ಟಲಿಲ್ಲ. ಅಡುಗೆಗೆ ಹಾಕುವ ಅರಿಶಿನ ಧಾರಾಳವಾಗಿ ತಿನ್ನಲಿ. ಸಾರ ಇಳಿಸಿದ ಪುಡಿ ಬೇರೆ ವಿಷಯ. ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಎಷ್ಟೋ ಔಷಧಿಗಳನ್ನು ಕರಗಿಸುವುದು ಲಿವರ್, ಅದರ ಕೆಲಸಕ್ಕೆ ಏನು ಅಡ್ಡ ಬಂದರೂ ಔಷಧಿಯ ಪ್ರಮಾಣ ರಕ್ತದಲ್ಲಿ ಏರುಪೇರಾಗುತ್ತದೆ. ಓಲಾಪರಿಬ್ ಜೊತೆ ಗ್ರೇಪ್‌ಫ್ರೂಟ್ ತಿನ್ನಬಾರದು ಅಂತ ಮಾತ್ರೆಯ ಚೀಟಿಯಲ್ಲೇ ಇದೆ. ನಮ್ಮ ಚಕ್ಕೋತ ಅದರ ಹತ್ತಿರದ ಸಂಬಂಧಿ, ಮಾತ್ರೆ ಶುರುವಾದರೆ ಅದನ್ನೂ ಬಿಡುವುದು ಒಳ್ಳೆಯದು. ಒಂದು ಹಣ್ಣಿಗೇ ಇಷ್ಟು ಎಚ್ಚರ ಇರುವಾಗ ಒಳಗೆ ಏನಿದೆ ಅಂತ ಗೊತ್ತಿಲ್ಲದ ಪುಡಿ ಯಾಕೆ?

ಸರಸ್ವತಿಪುರಂ ಸಿಸ್ಟರ್

ಕೆರೆಗೋಡು ತಮ್ಮಾ, ಮುಂದೆ ಏನು ಮಾಡಬೇಕು ಅಂತ ಬರೆಯುತ್ತೇನೆ, ಬರೆದಿಟ್ಟುಕೊಳ್ಳಿ. ಆಪರೇಷನ್ ಆದ ಆಸ್ಪತ್ರೆಯ ಪ್ಯಾಥಾಲಜಿಯಲ್ಲಿ ಅಮ್ಮನ ಗಡ್ಡೆಯ ಪ್ಯಾರಾಫಿನ್ ಬ್ಲಾಕ್ ಇರುತ್ತದೆ, ಮೇಣದಲ್ಲಿ ಹುದುಗಿಸಿದ ಸಣ್ಣ ತುಂಡು. ರಿಪೋರ್ಟ್ ಮೇಲಿರುವ ಬಯಾಪ್ಸಿ ನಂಬರ್ ಹೇಳಿ ಬ್ಲಾಕ್ ಕೇಳಿ. ಬ್ರಾಕಾವನ್ನು ರಕ್ತದಲ್ಲೂ ನೋಡುತ್ತಾರೆ, ಗಡ್ಡೆಯಲ್ಲೂ ನೋಡುತ್ತಾರೆ. ರಕ್ತದಲ್ಲಿ ಕಂಡರೆ ಅದು ಹುಟ್ಟಿನಿಂದ ಬಂದದ್ದು. ಗಡ್ಡೆಯಲ್ಲಿ ಮಾತ್ರ ಕಂಡರೆ ಆಮೇಲೆ ಅಲ್ಲಷ್ಟೇ ಆದದ್ದು. ಎರಡಕ್ಕೂ ಮಾತ್ರೆ ಉಪಯೋಗಕ್ಕೆ ಬರಬಹುದು. ಆದರೆ ಹುಟ್ಟಿನಿಂದ ಬಂದದ್ದಾದರೆ ನಿಮಗೆ, ನಿಮ್ಮ ಒಡಹುಟ್ಟಿದವರಿಗೆ ತಲಾ ಅರ್ಧಕ್ಕರ್ಧ ಸಾಧ್ಯತೆ ಇರುತ್ತದೆ. ಗಂಡಸರಿಗೂ ಬರುತ್ತದೆ, ಗಂಡಸರಿಂದ ಮಕ್ಕಳಿಗೂ ಹೋಗುತ್ತದೆ. ಅಕ್ಕತಂಗಿಯರು ಇದ್ದರೆ ಅವರಿಗೂ ಜೆನೆಟಿಕ್ ಕೌನ್ಸೆಲಿಂಗ್ ಕೊಡಿಸಿ, ಮುಚ್ಚಿಡಬೇಡಿ. ಚಿಕ್ಕಮ್ಮನ ರಿಪೋರ್ಟ್ ಸಿಕ್ಕರೆ ಅದನ್ನೂ ಜೊತೆಗೆ ಒಯ್ಯಿರಿ.

ಕೆರೆಗೋಡಿನವನು

ಎಲ್ಲರಿಗೂ ಹೇಳಬೇಕಿತ್ತು. ನಿನ್ನೆ ಮೊದಲು ನೋಡಿದ ಡಾಕ್ಟರ ಹತ್ತಿರವೇ ಹೋದೆವು. ಚಿಕ್ಕಮ್ಮನ ಹಳೆಯ ಫೈಲ್ ಮದ್ದೂರಿನಿಂದ ಅಕ್ಕ ತಂದಿದ್ದಳು, ತೋರಿಸಿದೆವು. ಅವರು ನಿಧಾನವಾಗಿ ಎಲ್ಲ ಓದಿ, ಕಾರ್ಬೋಪ್ಲಾಟಿನ್ ಮತ್ತೆ ಶುರು ಮಾಡೋಣ, ಆರು ತಿಂಗಳು ದಾಟಿದೆ ಅಂದರು. ಸಿಸ್ಟರ್ ಅಕ್ಕ ಹೇಳಿದ್ದೇ ಮಾತು. ಅಮ್ಮನ ರಕ್ತ ತೆಗೆದರು, ಬ್ಲಾಕ್ ಕೂಡ ಕಳಿಸುತ್ತಾರೆ. ರಿಪೋರ್ಟ್ ಬರಲು ಕೆಲವು ವಾರ ಆಗುತ್ತಂತೆ. ಅಕ್ಕ ತನಗೂ ಟೆಸ್ಟ್ ಮಾಡಿ ಅಂತ ಅಲ್ಲೇ ಕೇಳಿದಳು. ಮೊದಲು ಅಮ್ಮನದು ಬರಲಿ, ಅದರಲ್ಲಿ ಸಿಕ್ಕರೆ ಅದೇ ಜಾಗವನ್ನು ನಿಮ್ಮಲ್ಲಿ ನೋಡಿದರೆ ಸಾಕು ಅಂದರು.

ಒಂದು ಕೇಳಬೇಕು. ಫಾರ್ಮಿನಲ್ಲಿ ವಿಯುಎಸ್ ಬರಬಹುದು ಅಂತ ಸಹಿ ಹಾಕಿಸಿಕೊಂಡರು. ಅದೇನು?

ಗಂಗೋತ್ರಿ ಲ್ಯಾಬ್

ಜೀನ್‌ನಲ್ಲಿ ಒಂದು ಬದಲಾವಣೆ ಕಂಡಿದೆ, ಆದರೆ ಅದರಿಂದ ಪ್ರೋಟೀನ್ ಕೆಡುತ್ತದೋ ಇಲ್ಲವೋ ಅಂತ ಹೇಳುವಷ್ಟು ಮಾಹಿತಿ ಇಲ್ಲ ಅಂತ ಅರ್ಥ. ಭಾರತೀಯರ ಜೀನ್ ಮಾಹಿತಿ ಜಗತ್ತಿನ ಪಟ್ಟಿಗಳಲ್ಲಿ ಇನ್ನೂ ಕಡಿಮೆ ಇರುವುದರಿಂದ ನಮ್ಮವರಿಗೆ ಈ ಉತ್ತರ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ. ಬಂದರೆ ಅದನ್ನು ಪಾಸಿಟಿವ್ ಅಂತಲೂ ತಿಳಿಯಬೇಡಿ, ನೆಗೆಟಿವ್ ಅಂತಲೂ ತಿಳಿಯಬೇಡಿ. ಅದೊಂದನ್ನೇ ನಂಬಿ ಅಕ್ಕನಿಗೆ ಆಪರೇಷನ್ ಅದು ಇದು ಅಂತ ಯಾರೂ ನಿರ್ಧಾರ ಮಾಡಬಾರದು. ಮನೆತನದ ಇತಿಹಾಸ ನೋಡಿಕೊಂಡು ತಪಾಸಣೆ ಮುಂದುವರಿಸುತ್ತಾರೆ. ಒಂದೆರಡು ವರ್ಷ ಬಿಟ್ಟು ಲ್ಯಾಬಿನವರನ್ನು ಮತ್ತೆ ಕೇಳಿ, ಅಷ್ಟರಲ್ಲಿ ಅದರ ಅರ್ಥ ಗೊತ್ತಾಗಿರಬಹುದು. ರಿಪೋರ್ಟ್ ಬಂದಾಗ ಅಮ್ಮನ ಹೆಸರು ಮುಚ್ಚಿ ಆ ಸಾಲು ಮಾತ್ರ ಇಲ್ಲಿ ಹಾಕಿ, ನಾನೂ ಮೇಡಂ ಕೂಡ ನೋಡುತ್ತೇವೆ.